ಟೀವಿಗೆ ಸಿಗದ ಐರನ್ ಮೇಡನ್

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಅಂಕಣವೊಂದನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ದೊಡ್ಡ ರಾಕ್ ಬ್ಯಾಂಡ್‌ಗಳ ಕಾರ್ಯಕ್ರಮಕ್ಕೆ ಹೋಗುವುದು ದಂಡ, ಸಾವಿರಾರು ಜನರ ಬೆನ್ನು ನೋಡುತ್ತ ನಿಲ್ಲುವ ಬದಲು ಮನೆಯಲ್ಲೇ ದೊಡ್ಡ ಟೀವಿಗೆ ಒಳ್ಳೆಯ ಸ್ಪೀಕರ್ ಜೋಡಿಸಿ ಕೂತರೆ ಹಾಡೂ ಸ್ಪಷ್ಟ, ಮುಖವೂ ಸ್ಪಷ್ಟ ಎಂಬುದು ಅಂಕಣಕಾರರ ವಾದ. ಮರುವಾರ ಓದುಗರೊಬ್ಬರು ಅದಕ್ಕೆ ದನಿಗೂಡಿಸಿ, ಎಪ್ಪತ್ತರ ಅಂಚಿನ ಮುದುಕರು ವೇದಿಕೆಯ ಮೇಲೆ ಕುಣಿಯುವುದನ್ನು ಅರವತ್ತು ದಾಟಿದ ಮುದುಕರು ಹೋಗಿ ನೋಡುವುದು ಇಬ್ಬರಿಗೂ ಶೋಭೆಯಲ್ಲ ಎಂದು ಬರೆದಿದ್ದರು. ಆ ಎರಡನೆಯ ಗುಂಪಿನವಳು ನಾನು. ಇಬ್ಬರಿಗೂ ಸೇರಿಸಿ ಒಂದೇ ಉತ್ತರ ಕೊಡುವ ಪ್ರಯತ್ನ ಇದು. ಉದ್ದವಾದರೆ ಕತ್ತರಿಸುವ ಅಧಿಕಾರ ನಿಮಗಿದೆ. ಡ್ರಮ್ಮರ್ ಕುರಿತ ಭಾಗವನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ.

ಮೊದಲು ನನ್ನ ಅರ್ಹತೆ ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದವಳು. ಸಂಗೀತ ಕಲಿತವಳಲ್ಲ. ಐರನ್ ಮೇಡನ್ ಎಂಬ ಇಂಗ್ಲಿಷ್ ರಾಕ್ ಬ್ಯಾಂಡಿನ ಹುಚ್ಚು ಹಿಡಿದದ್ದೂ ಪಾಠದ ದೆಸೆಯಿಂದಲೇ. ಇಂಗ್ಲಿಷ್ ಕವಿ ಕೋಲ್‌ರಿಜ್ ಬರೆದ ಹಳೆಯ ನಾವಿಕನ ಕವಿತೆಯನ್ನು, ಏಳು ಭಾಗಗಳ ಆ ಉದ್ದನೆಯ ಕಥನಗೀತೆಯನ್ನು, ತರಗತಿಯಲ್ಲಿ ಹೇಳುತ್ತಿದ್ದ ದಿನಗಳವು. ಹಿಂದಿನ ಬೆಂಚಿನ ಹುಡುಗನೊಬ್ಬ ಪಾಠ ಮುಗಿದ ಮೇಲೆ ಬಂದು, "ಮೇಡಂ, ಇದನ್ನ ಹಾಡು ಮಾಡಿದಾರೆ, ಕೇಳ್ತೀರಾ?" ಎಂದು ಒಂದು ಕ್ಯಾಸೆಟ್ ಕೈಗಿಟ್ಟ. 1984ರಲ್ಲಿ ಬಂದ ಇವರ ಆಲ್ಬಮ್ 'ಪವರ್‌ಸ್ಲೇವ್'. ಎರಡನೆಯ ಬದಿಯ ಕೊನೆಯಲ್ಲಿ ಹದಿಮೂರು ನಿಮಿಷಕ್ಕೂ ಮಿಕ್ಕಿದ ಹಾಡು. 1798ರಲ್ಲಿ ಅಚ್ಚಾದ ಕವಿತೆಯ ಕಥೆಯನ್ನು ಬೇಸ್ ಗಿಟಾರ್ ನುಡಿಸುವ ಸ್ಟೀವ್ ಹ್ಯಾರಿಸ್ ತನ್ನ ಮಾತಿನಲ್ಲಿ ಹೇಳುತ್ತ ಹೋಗಿ, ಎರಡು ಕಡೆ ಮಾತ್ರ ಕವಿಯ ಸಾಲುಗಳನ್ನು ಇದ್ದ ಹಾಗೆಯೇ ಇಟ್ಟುಬಿಟ್ಟಿದ್ದರು. ಟೀಕೆ ಟಿಪ್ಪಣಿ ಬರೆದವರಲ್ಲಿ ಎಷ್ಟೋ ಜನರಿಗಿಂತ ಅವರಿಗೆ ಕವಿತೆಯ ನಡೆ ಗೊತ್ತಿದೆ ಅನ್ನಿಸಿತು. ಕ್ಯಾಸೆಟ್ಟನ್ನು ವಾಪಸ್ ಕೇಳುವ ಧೈರ್ಯ ಆ ಹುಡುಗನಿಗೆ ಕೊನೆಗೂ ಬರಲಿಲ್ಲ.

ಅಂದಿನಿಂದ ಕೇಳುತ್ತಲೇ ಇದ್ದೇನೆ. ಕಣ್ಣಾರೆ ನೋಡಿದ್ದು ಮಾತ್ರ 2025ರ ಜೂನ್ 28ರಂದು, ಲಂಡನ್ ಸ್ಟೇಡಿಯಮ್ಮಿನಲ್ಲಿ. ನನ್ನ ತಂಗಿಯ ಮಗ ಅಲ್ಲಿ ಕೆಲಸದಲ್ಲಿದ್ದಾನೆ, ಟಿಕೆಟ್ ತೆಗೆದವನು ಅವನು. "ದೊಡ್ಡಮ್ಮ, ನಿಮ್ಮನ್ನ ಕೆಳಗಡೆ ಗುಂಪಲ್ಲಿ ನಿಲ್ಲಿಸೋಕೆ ಅಮ್ಮ ಬಿಡಲ್ಲ, ಮೇಲೆ ಕುರ್ಚಿ ತಗೊಂಡಿದೀನಿ" ಎಂದ. ನಾನು ವಾದಿಸಲಿಲ್ಲ.

ಬೇರೆ ಊರಿನಲ್ಲಿ ನೋಡುವುದಕ್ಕೂ ಅಲ್ಲಿ ನೋಡುವುದಕ್ಕೂ ವ್ಯತ್ಯಾಸವಿದೆ, ಅದನ್ನು ಹೇಳಲೇಬೇಕು. ಹ್ಯಾರಿಸ್ ಈ ಬ್ಯಾಂಡ್ ಕಟ್ಟಿದ್ದು 1975ರ ಕ್ರಿಸ್‌ಮಸ್ ದಿನ, ಪೂರ್ವ ಲಂಡನ್ನಿನ ಲೇಟನ್‌ನಲ್ಲಿ. ಸ್ಟೇಡಿಯಂ ಇರುವುದು ಸ್ಟ್ರ್ಯಾಟ್‌ಫರ್ಡ್‌ನಲ್ಲಿ. ಅಲ್ಲಿಂದ ಸೆಂಟ್ರಲ್ ಲೈನ್ ಮೆಟ್ರೊ ರೈಲು ಹಿಡಿದು ಪೂರ್ವಕ್ಕೆ ಹೊರಟರೆ ಮುಂದಿನ ನಿಲ್ದಾಣವೇ ಲೇಟನ್, ಅದರಾಚೆಯದು ಹ್ಯಾರಿಸ್ ಹುಟ್ಟಿದ ಲೇಟನ್‌ಸ್ಟನ್. 1976ರಲ್ಲಿ ಇವರು ನುಡಿಸುತ್ತಿದ್ದ 'ಕಾರ್ಟ್ ಅಂಡ್ ಹಾರ್ಸಸ್' ಎಂಬ ಪಬ್ ಕೂಡ ಸ್ಟ್ರ್ಯಾಟ್‌ಫರ್ಡ್‌ನದೇ. ಇನ್ನು 2012ರ ಒಲಿಂಪಿಕ್ಸ್‌ಗಾಗಿ ಕಟ್ಟಿದ ಆ ಸ್ಟೇಡಿಯಂ ಈಗ ವೆಸ್ಟ್ ಹ್ಯಾಮ್ ಫುಟ್‌ಬಾಲ್ ತಂಡದ ಮನೆ. ಹುಡುಗನಾಗಿದ್ದಾಗ ಹ್ಯಾರಿಸ್ ಆ ಕ್ಲಬ್ಬಿನಲ್ಲಿ ಆಟ ಕಲಿತವರು, ತಮ್ಮ ಗಿಟಾರಿನ ಮೈಮೇಲೆ ಅದರ ಲಾಂಛನ ಹಾಕಿಸಿಕೊಂಡವರು. ಐವತ್ತು ವರ್ಷ ಭೂಮಂಡಲ ಸುತ್ತಿ ಹೊರಟ ಜಾಗಕ್ಕೆ ಒಂದು ಸ್ಟೇಷನ್ ಈಚೆ ಬಂದು ನಿಂತಿದ್ದರು. ಅಕ್ಕಪಕ್ಕದ ಕುರ್ಚಿಯವರ ಮುಖ ನೋಡಿದರೆ ಅದು ಅವರಿಗೆಲ್ಲ ಗೊತ್ತಿದೆ ಎಂದು ತಿಳಿಯುತ್ತಿತ್ತು. ಫುಟ್‌ಬಾಲ್ ಜೆರ್ಸಿ ತೊಟ್ಟವರು, ಬ್ಯಾಂಡಿನ ಹಳೆಯ ಪ್ರವಾಸಗಳ ಟೀ ಶರ್ಟ್ ತೊಟ್ಟವರು, ತಾತ ಅಪ್ಪ ಮೊಮ್ಮಗ ಮೂವರೂ ಎಡ್ಡಿಯ ಚಿತ್ರ ಹೊತ್ತ ಕುಟುಂಬ. ಎಡ್ಡಿ ಎಂದರೆ ಇವರ ಆಲ್ಬಮ್ಮಿನ ಹೊದಿಕೆಗಳ ಮೇಲೆಲ್ಲ ಹಲ್ಲು ಕಿರಿಯುವ ಅಸ್ಥಿಪಂಜರ. ನನ್ನ ಸೀರೆಯ ಮೇಲೆ ಎಡ್ಡಿ ಇರಲಿಲ್ಲ. ಸೋದರಿಯ ಮಗ ಅದಕ್ಕೊಂದು ಬ್ಯಾಡ್ಜ್ ಚುಚ್ಚಿದ್ದ.

ಈಗ ಅಂಕಣಕಾರರ ವಾದಕ್ಕೆ ಬರೋಣ. ಅವರು ಹೇಳಿದ್ದರಲ್ಲಿ ಬಹುಪಾಲು ನಿಜ, ಮೊದಲಿಗೆ ಅದನ್ನು ಒಪ್ಪಿಕೊಂಡು ಮುಂದುವರಿಯುತ್ತೇನೆ. ನನ್ನ ಕುರ್ಚಿಯಿಂದ ಕಂಡ ಗಾಯಕ ಬ್ರೂಸ್ ಡಿಕಿನ್ಸನ್ ಹೆಬ್ಬೆರಳಿಗಿಂತ ಚಿಕ್ಕವರು. ಓಟದ ಟ್ರ್ಯಾಕ್‌ಗೆಂದು ಕಟ್ಟಿದ ಅಂಗಳ, ಆಸನಗಳು ಮೈದಾನದಿಂದ ದೂರ. ಇದರ ಬಗ್ಗೆ ಫುಟ್‌ಬಾಲ್ ಪ್ರೇಮಿಗಳದೂ ನಿತ್ಯದ ಗೊಣಗಾಟ. ಜೂನ್ ಕೊನೆಯಲ್ಲಿ ಲಂಡನ್ನಿನಲ್ಲಿ ರಾತ್ರಿ ಒಂಬತ್ತಾದರೂ ಸೂರ್ಯ ಮುಳುಗಿರುವುದಿಲ್ಲ, ಹಾಗಾಗಿ ಆರಂಭದ ಹಾಡುಗಳಿಗೆ ಬೆಳಕಿನ ಆಟವೆಲ್ಲ ಬಿಸಿಲಿನಲ್ಲಿ ಕರಗಿ ಹೋಯಿತು. ಇನ್ನು ಸದ್ದು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಹೆಚ್ಚುಕಡಿಮೆ 340 ಮೀಟರ್ ಓಡುತ್ತದೆ. ವೇದಿಕೆಯಿಂದ ನೂರು ಮೀಟರ್ ಆಚೆ ಕೂತವರಿಗೆ ಡ್ರಮ್ಮಿನ ಮೇಲೆ ಕೋಲು ಬಿದ್ದದ್ದು ಕಂಡ ಮೇಲೆ ಪೆಟ್ಟು ಕೇಳುವುದು ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ತಡವಾಗಿ. ದೂರದವರಿಗಾಗಿ ಹಿಂದೆ ನಿಲ್ಲಿಸುವ ಸ್ಪೀಕರ್‌ಗಳನ್ನೂ ಲೆಕ್ಕ ಹಾಕಿ ತುಸು ತಡಮಾಡಿಯೇ ಬಿಡುತ್ತಾರೆ, ಇಲ್ಲದಿದ್ದರೆ ಒಂದೇ ಪೆಟ್ಟು ಎರಡೆರಡು ಸಲ ಕೇಳಿಸುತ್ತದೆ. ಇಡೀ ಸ್ಟೇಡಿಯಂ ಚಪ್ಪಾಳೆ ತಟ್ಟಿದಾಗ ಮುಂದಿನವರದು ಒಂದು ತಾಳ, ಹಿಂದಿನವರದು ಇನ್ನೊಂದು. ಚಾವಣಿಯ ಕೆಳಗೆ ಬೇಸ್ ಗಿಟಾರ್ ಗುಂಯ್‌ಗುಟ್ಟಿ ಮೂರು ಗಿಟಾರ್‌ಗಳಲ್ಲಿ ಯಾವುದು ಯಾರದೆಂದು ಬಿಡಿಸಿಕೊಳ್ಳಲು ಕೆಲವೊಮ್ಮೆ ಕಷ್ಟವೇ ಆಯಿತು.

ಸ್ಪಷ್ಟತೆಯೇ ಬೇಕಿದ್ದರೆ ನನ್ನ ಬಳಿ 1985ರ ಲೈವ್ ಆಲ್ಬಮ್ ಇದೆ, 2001ರ ಜನವರಿಯಲ್ಲಿ ರಿಯೋದಲ್ಲಿ ಹಾಡಿದ್ದರ ವಿಡಿಯೊ ಇದೆ. ಎರಡನ್ನೂ ಸವೆಯುವಷ್ಟು ಕೇಳಿದ್ದೇನೆ. ಅಂಕಣಕಾರರು ಹೇಳುವ ಟೀವಿ, ಸ್ಪೀಕರ್ ಎರಡೂ ಮನೆಯಲ್ಲಿವೆ. ಅದರ ಮುಂದೆ ಕೂತಾಗ ನಾನು ಇದ್ದರೂ ಅಷ್ಟೇ, ಎದ್ದು ಹೋದರೂ ಅಷ್ಟೇ. ರಿಯೋದ ಆ ಜನ 2001ರಲ್ಲೇ ಹಾಡಿ ಮುಗಿಸಿದ್ದಾರೆ. ನನ್ನಿಂದ ಆಗಬೇಕಾದ್ದು ಅಲ್ಲಿ ಏನೂ ಉಳಿದಿಲ್ಲ.

ಲಂಡನ್ನಿನಲ್ಲಿ ಕೆಲಸವಿತ್ತು. ಅದು ಶುರುವಾದದ್ದು ಬ್ಯಾಂಡ್ ವೇದಿಕೆಗೆ ಬರುವ ಮೊದಲೇ. ಇವರ ಕಾರ್ಯಕ್ರಮಕ್ಕೆ ಒಂದು ಪದ್ಧತಿಯಿದೆ: ಇನ್ನೇನು ಬರುತ್ತಾರೆ ಎನ್ನುವಾಗ ಯು.ಎಫ್.ಒ. ಎಂಬ ಹಳೆಯ ಬ್ಯಾಂಡಿನ ಒಂದು ಧ್ವನಿಮುದ್ರಿತ ಹಾಡನ್ನು ಸ್ಪೀಕರ್‌ನಲ್ಲಿ ಹಾಕುತ್ತಾರೆ. ಹೊಸಬರಿಗೆ ಅದೂ ಹೊತ್ತು ಕಳೆಯುವ ಇನ್ನೊಂದು ಹಾಡು. ಬಲ್ಲವರು ಕುರ್ಚಿ ಬಿಟ್ಟು ಏಳುತ್ತಾರೆ, ಕೈಯಲ್ಲಿದ್ದ ಲೋಟ ಕೆಳಗಿಡುತ್ತಾರೆ, ಶೌಚಾಲಯದ ಸಾಲಿನಲ್ಲಿದ್ದವರು ಸಾಲು ಬಿಟ್ಟು ಓಡಿ ಬರುತ್ತಾರೆ. ವೇದಿಕೆ ಖಾಲಿ. ಆದರೂ ಹತ್ತಾರು ಸಾವಿರ ಜನ ಬೇರೆಯವರ ಹಾಡನ್ನು ಗಂಟಲು ಹರಿದು ಹಾಡುತ್ತಿದ್ದರು. ನಾನೂ ಎದ್ದೆ. ಪಕ್ಕದ ಕುರ್ಚಿಯ ಬಿಳಿಗಡ್ಡದ ಮನುಷ್ಯ ನನ್ನ ಸೀರೆ ನೋಡಿ, ನಾನು ಪದ ತಪ್ಪದೆ ಹಾಡುವುದು ನೋಡಿ, ತಲೆಬಾಗಿ ನಕ್ಕರು. ಅಲ್ಲಿಂದ ಮುಂದೆ ಎರಡು ಗಂಟೆ ನಾವಿಬ್ಬರೂ ಮಾತಿಲ್ಲದ ಸ್ನೇಹಿತರು. ಟೀವಿಗೆ ಬರುವ ಹೊತ್ತಿಗೆ ಈ ಭಾಗವನ್ನು ಕತ್ತರಿಸಿರುತ್ತಾರೆ, ಯಾಕೆಂದರೆ ಆಗ ವೇದಿಕೆಯ ಮೇಲೆ ಏನೂ ನಡೆಯುತ್ತಿರುವುದಿಲ್ಲ.

1992ರ ಆಲ್ಬಮ್ಮಿನ ಶೀರ್ಷಿಕೆ ಹಾಡು ಇನ್ನೊಂದು ಉದಾಹರಣೆ. ಅದು ಕತ್ತಲಿಗೆ ಹೆದರುವವನ ಹಾಡು, ಕೊನೆಯ ಮೂರರಲ್ಲಿ ಬಂತು, ಅಷ್ಟರಲ್ಲಿ ನಿಜಕ್ಕೂ ಕತ್ತಲಾಗಿತ್ತು. ಅದರ ಆರಂಭದಲ್ಲಿ ಗಿಟಾರ್ ಒಂದು ಸಣ್ಣ ಎಳೆ ನುಡಿಸುತ್ತದೆ, ಪದವಿಲ್ಲದ ರಾಗ. ಆಲ್ಬಮ್ಮಿನಲ್ಲಿ ಕೇಳಿದರೆ ಅಲ್ಲಿ ಮನುಷ್ಯರ ದನಿಯೇ ಇಲ್ಲ. ಕಾರ್ಯಕ್ರಮಗಳಲ್ಲಿ ಜನ ಆ ಎಳೆಯನ್ನು ಓ ಓ ಎಂದು ಹಾಡಿ ಹಾಡಿ ಈಗ ಅದು ಜನರದೇ ಭಾಗವಾಗಿಬಿಟ್ಟಿದೆ. ಜನ ಸುಮ್ಮನಿದ್ದರೆ ಹಾಡು ಮೊಂಡಾಗುತ್ತದೆ. ಬರೆದುಕೊಟ್ಟವರಿಲ್ಲ, ಕಲಿಸಿದವರಿಲ್ಲ. ಎಲ್ಲಿ ತಡೆಯಬೇಕು, ಎಲ್ಲಿ ಏರಬೇಕು ಎಂಬುದು ತಾನಾಗಿ ಕೂಡಿಬರುತ್ತದೆ. ಕ್ರಮಬದ್ಧವಾಗಿ ಪದ್ಯ ಓದಿಸಲು ನಲವತ್ತು ಮಕ್ಕಳ ತರಗತಿಯಲ್ಲಿ ನಾನು ಪಟ್ಟ ಪಾಡು ನೆನಪಾಗಿ ಹೊಟ್ಟೆಕಿಚ್ಚಾಯಿತು.

ಜನರ ದನಿಯೂ ಹಾಡಿನ ಭಾಗ, ಆದ್ದರಿಂದ ಫೋನಿನ ಮಾತು. ಈ ಪ್ರವಾಸ ಮೇ 27ರಂದು ಬುಡಾಪೆಸ್ಟ್‌ನಲ್ಲಿ ಆರಂಭವಾಗುವ ಮುನ್ನ ಬ್ಯಾಂಡಿನ ಮ್ಯಾನೇಜರ್ ರಾಡ್ ಸ್ಮಾಲ್‌ವುಡ್ ಅಭಿಮಾನಿಗಳಿಗೆ ಒಂದು ಮನವಿ ಮಾಡಿದ್ದರು: ದಯವಿಟ್ಟು ಫೋನನ್ನು ಜೇಬಿನಲ್ಲಿಡಿ, ಕಣ್ಣಿನಿಂದ ನೋಡಿ, ಹಿಂದಿನವರಿಗೂ ನೋಡಲು ಬಿಡಿ ಎಂಬ ಅರ್ಥದ್ದು. ನಿಷೇಧ ಹೇರಿರಲಿಲ್ಲ. ಘೋಸ್ಟ್ ಎಂಬ ಸ್ವೀಡನ್ ಬ್ಯಾಂಡ್ ಅದೇ ವರ್ಷದ ತನ್ನ ಪ್ರವಾಸದಲ್ಲಿ ಫೋನುಗಳನ್ನು ಬೀಗ ಬೀಳುವ ಚೀಲದೊಳಗೆ ಹಾಕಿಸಿ ಒಳಗೆ ಬಿಟ್ಟಿತು. ಅಮೆರಿಕದ ಗಾಯಕ ಜಾಕ್ ವೈಟ್ 2018ರಲ್ಲೇ ಆ ಚೀಲಗಳನ್ನು ಬಳಸಿದ್ದರು. ನನಗೆ ಚೀಲದ ಉಪಾಯ ಹಿಡಿಸುವುದಿಲ್ಲ. ಮನೆಯಲ್ಲಿ ಕೂಸು ಬಿಟ್ಟು ಬಂದವರಿರುತ್ತಾರೆ, ಸಕ್ಕರೆ ಕಾಯಿಲೆಯ ಅಳತೆಯನ್ನು ಫೋನಿನಲ್ಲೇ ನೋಡಿಕೊಳ್ಳುವವರಿರುತ್ತಾರೆ, ರಾತ್ರಿ ಜನಜಂಗುಳಿಯಲ್ಲಿ ತಪ್ಪಿಸಿಕೊಂಡ ದೊಡ್ಡಮ್ಮಂದಿರಿರುತ್ತಾರೆ. ಬೀಗ ಹಾಕಿ ಬರಿಸುವ ಗಮನ ಗಮನವೇ ಅಲ್ಲ; ಹಾಜರಿಗಾಗಿ ತರಗತಿಗೆ ಬರುವವರನ್ನು ಬಹಳ ಕಂಡಿದ್ದೇನೆ.

ಮನವಿ ಕೆಲಸ ಮಾಡಿತೇ? ಅರ್ಧಂಬರ್ಧ. ಮೊದಲ ಹಾಡಿಗೆ ಕೆಳಗೆ ಫೋನುಗಳ ಬೆಳಕು ಸಾಕಷ್ಟು ಎದ್ದಿತು, ನಂತರ ಇಳಿಯಿತು, ಎಡ್ಡಿಯ ವೇಷ ಕೊಡಲಿ ಹಿಡಿದು ವೇದಿಕೆಗೆ ಬಂದಾಗ ಮತ್ತೆ ಎದ್ದಿತು. ಅದನ್ನು ತಪ್ಪೆನ್ನಲಾರೆ, ಎಡ್ಡಿಯನ್ನು ನೋಡಿ ಫೋಟೊ ತೆಗೆಯದಿರಲು ಸನ್ಯಾಸಿಯಾಗಿರಬೇಕು. ನನಗೆ ಬೇಸರ ತಂದದ್ದು ನಮ್ಮ ಮುಂದಿನ ಸಾಲಿನ ಒಬ್ಬ ತರುಣ. ಹಾಡು ಹಾಡನ್ನೂ ಪೂರ್ತಿ ಹಿಡಿಯುತ್ತಿದ್ದ, ಅದೂ ವೇದಿಕೆಯನ್ನಲ್ಲ, ವೇದಿಕೆಯ ಪಕ್ಕದ ದೊಡ್ಡ ಪರದೆಯನ್ನು. ತನ್ನ ದನಿ ವಿಡಿಯೊದಲ್ಲಿ ಸೇರಿಬಿಡುತ್ತದೆಂದು ಹಾಡಲೂ ಇಲ್ಲ. ಅವನ ಎಡಕ್ಕೂ ಬಲಕ್ಕೂ ಇದ್ದವರು ಅವನ ಕೈಗೆ ತಾಗೀತೆಂದು ಕುಗ್ಗಿ ನಿಂತಿದ್ದರು. ಹೀಗೆ ಒಬ್ಬನಿಂದ ಮೂರು ದನಿ ಹೋಯಿತು. ಇಡೀ ಸ್ಟೇಡಿಯಂ ಅವನಂತೆ ನಿಂತರೆ ಅಂಕಣಕಾರರ ವಾದ ಗೆದ್ದ ಹಾಗೆಯೇ, ಮನೆಯಲ್ಲೇ ಇರುವುದು ಲೇಸು.

ಈಗ ಡ್ರಮ್ಮರ್. ಅಭಿಮಾನಿಗಳಾದ ನಮಗೆ ಆ ರಾತ್ರಿಯ ನಿಜವಾದ ಪ್ರಶ್ನೆ ಇದ್ದದ್ದು ಇಲ್ಲಿ. 1982ರ ಕೊನೆಯಿಂದ ಆ ಪೀಠದಲ್ಲಿ ಕೂತಿದ್ದವರು ನಿಕೊ ಮೆಕ್‌ಬ್ರೇನ್. ಸುತ್ತ ಕೋಟೆ ಕಟ್ಟಿಕೊಂಡಂತೆ ಡ್ರಮ್ಮುಗಳನ್ನು ಜೋಡಿಸಿಕೊಂಡು ಒಳಗೆ ಮುಳುಗಿ ಕೂರುವ ಮನುಷ್ಯ, ಹೊರಗೆ ಕಾಣುತ್ತಿದ್ದದ್ದು ಕೋಲುಗಳ ತುದಿ ಮಾತ್ರ. ಈ ಬಗೆಯ ಸಂಗೀತದಲ್ಲಿ ಎಷ್ಟೋ ಜನ ಎರಡು ಕಾಲಿಗೂ ಪೆಡಲ್ ಇಟ್ಟುಕೊಂಡು ಕೆಳಗಿನ ದೊಡ್ಡ ಡ್ರಮ್ಮನ್ನು ಬಾರಿಸುತ್ತಾರೆ. ನಿಕೊ ಒಂದೇ ಪಾದದಲ್ಲಿ ಆ ಕೆಲಸ ಮಾಡಿದರು. 2023ರ ಜನವರಿಯಲ್ಲಿ ಅವರಿಗೆ ಪಾರ್ಶ್ವವಾಯು ಬಡಿದು ಬಲತೋಳು ಸ್ವಾಧೀನ ತಪ್ಪಿತು. ಕೆಲವೇ ತಿಂಗಳಲ್ಲಿ ಚೇತರಿಸಿಕೊಂಡು ಮುಂದಿನ ಪ್ರವಾಸಕ್ಕೆ ಹೊರಟೇಬಿಟ್ಟರು. 2024ರ ಡಿಸೆಂಬರ್ 7ರಂದು ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಕೊನೆಯ ಸಲ ನುಡಿಸಿ ಪ್ರವಾಸಗಳಿಂದ ಬಿಡುಗಡೆ ಪಡೆದರು. ಬದಲಿಗೆ ಬಂದವರು ಸೈಮನ್ ಡಾಸನ್, ಹ್ಯಾರಿಸ್ ನಡೆಸುವ ಇನ್ನೊಂದು ಬ್ಯಾಂಡಾದ ಬ್ರಿಟಿಷ್ ಲಯನ್‌ನ ಡ್ರಮ್ಮರ್.

ಇವರ ಸಂಗೀತಕ್ಕೆ ಒಂದು ಓಟವಿದೆ, ಕುದುರೆ ನಾಗಾಲೋಟ ಎನ್ನುತ್ತಾರೆ ಎಲ್ಲರೂ. ಲೆಕ್ಕ ಹಾಕಿ ನೋಡಿದರೆ ಒಂದು ಗುರು, ಎರಡು ಲಘು. ನಮ್ಮ ಛಂದಸ್ಸಿನ ಭಗಣ. ಹ್ಯಾರಿಸ್ ಬರಿ ಬೆರಳಿನಿಂದ ಭಗಣದ ಮೇಲೆ ಭಗಣ ಸುರಿಸುತ್ತ ಹೋಗುತ್ತಾರೆ, ಡ್ರಮ್ಮರ್ ಅದರ ಗುರುವನ್ನು ಹಿಡಿದು ನಿಲ್ಲಿಸಬೇಕು. ನಿಕೊ ಆ ಗುರುವಿನ ಮೇಲೆ ಕೂರುತ್ತಲೇ ಲಘುಗಳ ನಡುವೆ ಏನಾದರೂ ತುಂಟತನ ತೂರಿಸುತ್ತಿದ್ದರು. ಡಾಸನ್ ತೂರಿಸುವುದಿಲ್ಲ. ನೆಟ್ಟಗೆ, ಬಿಗಿಯಾಗಿ ಬಾರಿಸುತ್ತಾರೆ. ಈ ಪ್ರವಾಸದಲ್ಲಿ ಆರಿಸಿಕೊಂಡದ್ದು 1980ರಿಂದ 1992ರವರೆಗಿನ ಮೊದಲ ಒಂಬತ್ತು ಆಲ್ಬಮ್ಮುಗಳ ಕಾಲದ ಹಾಡುಗಳನ್ನಷ್ಟೇ. ಆರಂಭದಲ್ಲಿ ಬಂದ ತೀರಾ ಹಳೆಯ ಹಾಡುಗಳನ್ನು ಮೂಲದಲ್ಲಿ ಬಾರಿಸಿದವರು ನಿಕೊ ಅಲ್ಲ, 2013ರಲ್ಲಿ ತೀರಿಕೊಂಡ ಕ್ಲೈವ್ ಬರ್. ಮೂಲದಲ್ಲಿ ಹಾಡಿದವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡ ಪಾಲ್ ಡಿ'ಆನೊ. ಆ ಹಾಡುಗಳಿಗೆ ಡಾಸನ್ ಅವರ ನೆಟ್ಟನೆಯ ಕೈ ಚೆನ್ನಾಗಿ ಕೂತಿತು. ಕಾಲಪ್ರಮಾಣ ನಾನು ಲೈವ್ ಮುದ್ರಣಗಳಲ್ಲಿ ಕೇಳಿದ್ದಕ್ಕಿಂತ ಒಂದು ಎಳೆ ನಿಧಾನ ಅನ್ನಿಸಿತು, ಅದರಿಂದ ಪದಗಳಿಗೆ ಉಸಿರಾಡಲು ಜಾಗ ಸಿಕ್ಕಿತು. 1988ರ ಆಲ್ಬಮ್ಮಿನ ಉದ್ದನೆಯ ಹಾಡು ಬಂದಾಗ ಮಾತ್ರ ನಿಕೊ ಇಲ್ಲದ್ದು ಕಿವಿಗೆ ಬಿತ್ತು. ಅಲ್ಲಿ ತುಂಟತನವೇ ತಾಳದ ಜೀವ. ಡಾಸನ್ ತಪ್ಪಲಿಲ್ಲ, ಆದರೆ ನಾನು ಕಾಯುತ್ತಿದ್ದ ತಿರುವುಗಳಲ್ಲಿ ಆ ತಿರುವು ಬರಲಿಲ್ಲ. ಬಿಳಿಗಡ್ಡದವರೂ ಅದೇ ಜಾಗದಲ್ಲಿ ನನ್ನ ಕಡೆ ತಿರುಗಿ ನೋಡಿದರು. ನಲವತ್ತು ವರ್ಷ ಒಂದೇ ಹಾಡನ್ನು ಬೇರೆ ಬೇರೆ ದೇಶದಲ್ಲಿ ಕೂತು ಕೇಳಿದ ಇಬ್ಬರಿಗೆ ಒಂದೇ ಕ್ಷಣದಲ್ಲಿ ಒಂದೇ ಕೊರತೆ ಕಂಡಿತ್ತು. ಮನೆಯಲ್ಲಿ ಕೇಳುವಾಗ ಇದನ್ನು ಯಾರ ಜೊತೆ ಹಂಚಿಕೊಳ್ಳಲಿ?

ನಾವಿಕನ ಹಾಡು ಬಂದದ್ದು ಅದಕ್ಕೂ ಸ್ವಲ್ಪ ಮೊದಲು. ಹೊತ್ತಿಳಿಯುತ್ತಿತ್ತು. ಆ ಹಾಡಿನ ನಡುವೆ ಎಲ್ಲ ವಾದ್ಯಗಳೂ ತಗ್ಗುತ್ತವೆ, ಬೇಸ್ ಗಿಟಾರ್ ಒಂಟಿಯಾಗಿ ತೊಟ್ಟಿಕ್ಕುತ್ತದೆ, ಹಡಗಿನ ಮರ ಕಿರುಗುಟ್ಟುವ ಸದ್ದು, ಸತ್ತ ಇನ್ನೂರು ನಾವಿಕರ ಕುರಿತ ಕೋಲ್‌ರಿಜ್ ಸಾಲುಗಳು. ನಿಮಿಷಗಟ್ಟಲೆ ಕುಣಿಯುವಂಥದ್ದು ಏನೂ ಇಲ್ಲ. ಇಂಥ ಜಾಗದಲ್ಲಿ ಕ್ರೀಡಾಂಗಣದ ಜನ ಗಲಾಟೆ ಮಾಡುತ್ತಾರೆ, ಲೋಟ ತುಂಬಿಸಿಕೊಳ್ಳಲು ಹೊರಡುತ್ತಾರೆ ಎಂದು ನಾನು ಎಣಿಸಿದ್ದೆ. ಕೆಲವರು ಹೊರಟರು ಕೂಡ. ಉಳಿದವರು ನಿಂತಿದ್ದರು. ಕವಿತೆಯಲ್ಲಿ ಮದುವೆಮನೆಗೆ ಹೊರಟ ಅತಿಥಿಯನ್ನು ಮುದಿ ನಾವಿಕ ದಾರಿಯಲ್ಲಿ ತಡೆದು ಕಣ್ಣಲ್ಲೇ ಕಟ್ಟಿಹಾಕುತ್ತಾನೆ. ಒಳಗೆ ಓಲಗ ಶುರುವಾದರೂ ಆ ಅತಿಥಿಗೆ ಏಳಲಾಗುವುದಿಲ್ಲ, ಕೇಳದೆ ಗತಿಯಿಲ್ಲ. ಈ ಭಾಗವನ್ನು ಪಾಠ ಮಾಡುವಾಗ ಪ್ರತಿ ವರ್ಷವೂ ಒಬ್ಬರಾದರೂ ಕೇಳುತ್ತಿದ್ದರು: ಮೇಡಂ, ಅವನು ಎದ್ದು ಹೋಗಬಹುದಿತ್ತಲ್ಲ? ನಾನು ಕೊಡುತ್ತಿದ್ದ ಉತ್ತರಗಳೆಲ್ಲ ಟಿಪ್ಪಣಿ ಪುಸ್ತಕದವು. ಫೋನು ಕೆಳಗಿಟ್ಟ ಅಷ್ಟು ದೊಡ್ಡ ಗುಂಪು ಎರಡು ಶತಮಾನ ಹಳೆಯ ಪದ್ಯಕ್ಕೆ ಕಿವಿಗೊಟ್ಟು ನಿಂತದ್ದನ್ನು ಆ ಮಕ್ಕಳಿಗೆ ತೋರಿಸಿದ್ದರೆ ಪ್ರಶ್ನೆ ಕೇಳುತ್ತಿರಲಿಲ್ಲ. ಆಮೇಲೆ ಗಿಟಾರ್‌ಗಳು ಒಟ್ಟಿಗೆ ಹಿಂದಿರುಗಿದವು, ಡಿಕಿನ್ಸನ್ ತಾರಸ್ಥಾಯಿಯಲ್ಲಿ ಒಂದು ಕೂಗು ಹಾಕಿದರು, ಸ್ಟೇಡಿಯಂ ಬೊಬ್ಬೆಯಿಟ್ಟಿತು. ತಂಗಿಯ ಮಗ "ದೊಡ್ಡಮ್ಮ, ನೀವು ಅಳ್ತಿದೀರಾ?" ಎಂದ. ಬಿಸಿಲಿಗೆ ಕಣ್ಣು ಉರಿ ಎಂದೆ. ಬಿಸಿಲು ಹೋಗಿ ಬಹಳ ಹೊತ್ತಾಗಿತ್ತು ಎಂದು ಅವನು ಹೇಳಲಿಲ್ಲ, ಒಳ್ಳೆಯ ಹುಡುಗ.

ಕಿವಿಯ ಬಗ್ಗೆ ಎರಡು ಮಾತು, ಇದು ಹೋಗುವವರಿಗೆ ಉಪಯೋಗವಾದೀತು. ಇಂಥ ಜಾಗಗಳಲ್ಲಿ ಸದ್ದಿನ ಸರಾಸರಿ ಹದಿನೈದು ನಿಮಿಷದ ಅಳತೆಯಲ್ಲಿ 100 ಡೆಸಿಬೆಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ನೂರೂ ಕಡಿಮೆಯೇನಲ್ಲ. ಸಂಗೀತಗಾರರಿಗೆಂದೇ ಮಾಡಿದ ಇಯರ್‌ಪ್ಲಗ್ ಸಿಗುತ್ತದೆ, ಅದು ಸದ್ದನ್ನು ಮುಚ್ಚಿಹಾಕದೆ ಎಲ್ಲ ಸ್ಥಾಯಿಗಳನ್ನೂ ಸಮವಾಗಿ ಇಳಿಸುತ್ತದೆ. ಹತ್ತಿ ತುರುಕಿಕೊಂಡರೆ ಮೇಲಿನ ಸ್ವರಗಳು ಸತ್ತು ಗುಂಯ್ ಎನ್ನುವುದು ಮಾತ್ರ ಉಳಿಯುತ್ತದೆ. ನಾನು ಇಯರ್‌ಪ್ಲಗ್ ಹಾಕಿದ್ದೆ, ಆಗಲೇ ಗಿಟಾರ್‌ಗಳನ್ನು ಬಿಡಿಸಿ ಕೇಳಲು ಸುಲಭವಾಯಿತು. ಹಾಕಿಕೊಳ್ಳಲು ಅವಮಾನ ಎನ್ನುವ ಹುಡುಗರು ನಲವತ್ತಕ್ಕೆಲ್ಲ ಕಿವಿಯೊಳಗೆ ಜೀರುಂಡೆ ಕೂರಿಸಿಕೊಂಡು ಬರುತ್ತಾರೆ.

ವಯಸ್ಸಿನ ಮಾತೆತ್ತಿದ ಓದುಗರಿಗೆ ಹೆಚ್ಚು ಹೇಳುವುದಿಲ್ಲ. ಅಂದು ಹ್ಯಾರಿಸ್ ಅವರಿಗೆ 69, ಗಿಟಾರ್ ನುಡಿಸುವ ಡೇವ್ ಮರ್ರಿ, ಏಡ್ರಿಯನ್ ಸ್ಮಿತ್, ಯಾನಿಕ್ ಗರ್ಸ್ ಮೂವರಿಗೂ 68, ಡಿಕಿನ್ಸನ್ ಅವರಿಗೆ 66. ಡಿಕಿನ್ಸನ್ 2015ರಲ್ಲಿ ನಾಲಗೆಯ ಬುಡದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು, ಮರುವರ್ಷ ಬ್ಯಾಂಡನ್ನು ಹೊತ್ತ ಬೋಯಿಂಗ್ 747 ವಿಮಾನವನ್ನು ತಾವೇ ಹಾರಿಸಿಕೊಂಡು ದೇಶ ದೇಶ ಸುತ್ತಿ ಹಾಡಿದವರು. ಮೇಲಿನ ಸ್ವರಗಳನ್ನು ಕೆಲವೆಡೆ ಅಂದು ಅವರು ಸುತ್ತು ಹಾಕಿ ಹಿಡಿದರು, ಒಂದೆರಡು ಕಡೆ ಜನರಿಗೆ ಬಿಟ್ಟುಕೊಟ್ಟರು. ಇದು ನನ್ನ ಕಿವಿಗೆ ಬಿತ್ತು, ಶೋಭೆಗೆ ಕುಂದು ಬಂದಂತೆ ಕಾಣಲಿಲ್ಲ. ನಮ್ಮ ಹಿರಿಯ ಗಾಯಕರು ಎಪ್ಪತ್ತೈದರಲ್ಲಿ ಕೂತು ಹಾಡಿದರೆ ಮುಂದಿನ ಸಾಲಿನಲ್ಲಿ ಕೂತು ತಲೆದೂಗುವವರಿಗೆ, ನಿಂತು ಹಾಡುವವರಲ್ಲಿ ಮಾತ್ರ ವಯಸ್ಸು ಕಾಣುವುದೇಕೋ.

ಕೊನೆಯದಾಗಿ ನಿಮ್ಮ ಪತ್ರಿಕೆಗೇ ಒಂದು ದೂರು. ರಾಕ್ ಕಾರ್ಯಕ್ರಮಗಳ ವರದಿ ನಿಮ್ಮಲ್ಲಿ ಬರುತ್ತದೆ, ಬರುವುದಿಲ್ಲವೆನ್ನುವುದಿಲ್ಲ. ಎಷ್ಟು ಜನ ಸೇರಿದ್ದರು, ಟಿಕೆಟ್ ಬೆಲೆ ಎಷ್ಟಿತ್ತು, ಸಂಚಾರ ಎಷ್ಟು ಹೊತ್ತು ನಿಂತಿತು, ಯಾವ ಚಿತ್ರನಟರು ಬಂದಿದ್ದರು. ಜೊತೆಗೆ ಪ್ರೇಕ್ಷಕರಲ್ಲಿ ಯಾರೋ ಫೋನಿನಲ್ಲಿ ತೆಗೆದ ಮಸುಕು ಚಿತ್ರ. ಹೇಗೆ ಹಾಡಿದರು, ಏನು ನುಡಿಸಿದರು ಎಂಬುದಕ್ಕೆ ಒಂದು ಸಾಲೂ ಇರುವುದಿಲ್ಲ. ಕಛೇರಿಯ ವಿಮರ್ಶೆಯಲ್ಲಿ ಮೃದಂಗದ ಕೈ ಹೇಗಿತ್ತು, ತನಿ ಎಷ್ಟು ಹೊತ್ತು ನಡೆಯಿತು ಎಂದು ಬರೆಯುವ ಪತ್ರಿಕೆ ಇಲ್ಲಿ ಡ್ರಮ್ಮರ್ ಹೆಸರನ್ನೂ ಬರೆಯುವುದಿಲ್ಲ. ಹಾಗಿರುವಾಗ ಮನೆಯಲ್ಲಿ ಟೀವಿಯಲ್ಲಿ ನೋಡಿದರೆ ಸಾಕು ಎಂದು ನಿಮ್ಮ ಅಂಕಣಕಾರರಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಮುಂದಿನ ಸಲ ಯಾವುದಾದರೂ ದೊಡ್ಡ ಬ್ಯಾಂಡ್ ಬಂದಾಗ ಆ ಹಾಡುಗಳನ್ನು ಮೊದಲೇ ಕೇಳಿ ಬಲ್ಲ ವರದಿಗಾರರನ್ನು ಕಳಿಸಿ, ಅವರ ಫೋನನ್ನು ಕಚೇರಿಯಲ್ಲೇ ಇಟ್ಟುಕೊಳ್ಳಿ. ಅಂಥವರು ಸಿಗದಿದ್ದರೆ ನನಗೆ ಬರೆಯಿರಿ. ಸಂಭಾವನೆ ಬೇಡ, ವೇದಿಕೆಗೆ ಹತ್ತಿರದ ಟಿಕೆಟ್ ಕೊಟ್ಟರೆ ಸಾಕು.

ಇಂತಿ ನಿಮ್ಮ ಓದುಗಳು,
ನಿವೃತ್ತ ಇಂಗ್ಲಿಷ್ ಅಧ್ಯಾಪಕಿ